ಹಿಂದಿನ ಬೆಂಚಿನ ಪೆಪ್ಪರ್‌ಮಿಂಟ್

ಕಟಕ್. ತೊಂಬತ್ತರ ದಶಕದ ಕೊನೆಯ ವರ್ಷಗಳನ್ನು ನೆನೆದರೆ ನನಗೆ ಮೊದಲು ಕೇಳಿಸುವುದು ಈ ಸದ್ದು. ನಿಶ್ಶಬ್ದವಾದ ಕ್ಲಾಸಿನಲ್ಲಿ ನನ್ನದೇ ಹಲ್ಲಿಗೆ ಸಿಕ್ಕಿ ಪೆಪ್ಪರ್‌ಮಿಂಟ್ ಒಡೆಯುವ ಸದ್ದು. ಕಾನ್ವೆಂಟಿನಲ್ಲಿ ಓದಿದ ಹೆಂಗಸು ಕ್ಲಾಸಿನಲ್ಲಿ ಕೂತು ಮಿಠಾಯಿ ತಿನ್ನುವುದೇ ಎಂದು ನೀವು ಹುಬ್ಬೇರಿಸುವ ಮುನ್ನವೇ ಹೇಳಿಬಿಡುತ್ತೇನೆ, ಅದು ಹೆಡ್‌ಮಿಸ್ಟ್ರೆಸ್ ಆರ್ಡರ್.

ಹಲಸೂರಿನ ನಮ್ಮ ಶಾಲೆಯಲ್ಲಿ, ಬಿ.ಎಡ್. ಮುಗಿಸಿ ಹೊಸದಾಗಿ ಬಂದವರಿಗೆ ಮೊದಲ ವರ್ಷ ಒಬ್ಬ ಸೀನಿಯರ್ ಟೀಚರ್ ಜೊತೆಗಿರಬೇಕೆಂಬ ಪದ್ಧತಿಯಿತ್ತು. ಆಗಾಗ ಹಿಂದಿನ ಬೆಂಚಿನಲ್ಲಿ ಕೂತು ಪಾಠ ಗಮನಿಸುವುದು, ಆಮೇಲೆ ಸ್ಟಾಫ್‌ರೂಮಿನಲ್ಲಿ ಟೀ ಕುಡಿಯುತ್ತಾ ಮೆಲ್ಲಗೆ ತಿದ್ದುವುದು, ಅತ್ತರೆ ಕರ್ಚೀಫ್ ಕೊಡುವುದು. ಸೀನಿಯರ್ ಆದ ನನ್ನ ಡ್ಯೂಟಿ ಇಷ್ಟೇ. ನನ್ನ ಪಾಲಿಗೆ ಬಂದವಳು ಶಿವಾಜಿನಗರದ ನಸೀಮಾ. ಮನೆಯಲ್ಲಿ ದಖ್ಖನಿ ಉರ್ದು, ಕ್ಲಾಸಿನಲ್ಲಿ ಇಂಗ್ಲಿಷ್, ನನ್ನೊಡನೆ ಕನ್ನಡ. ಮೂರರಲ್ಲೂ ಅವಳ ದನಿ ಮೊದಲ ಬೆಂಚನ್ನು ದಾಟುತ್ತಿರಲಿಲ್ಲ. ವರ್ಷದ ಕೊನೆಗೆ ಹೆಡ್‌ಮಿಸ್ಟ್ರೆಸ್ ಬಂದು ಒಂದು ಪಾಠ ನೋಡುವರು. ಮೆಚ್ಚಿದರೆ ಕೆಲಸ ಪರ್ಮನೆಂಟ್, ಇಲ್ಲದಿದ್ದರೆ ಗುಡ್‌ಬೈ.

ಗಮನಿಸುವುದೇನೋ ಸುಲಭ. ಬಾಯಿ ಮುಚ್ಚಿಕೊಂಡು ಗಮನಿಸುವುದು ನಮ್ಮ ವಂಶದಲ್ಲೇ ಇಲ್ಲ. ನಮ್ಮಮ್ಮ ರೇಡಿಯೋದಲ್ಲಿ ವಾರ್ತೆ ಓದುವವರನ್ನೂ ತಿದ್ದುತ್ತಿದ್ದಳು. ಬಟ್ಟೆ ಒಣಗಿದಾಗ ಅದರ ನೀರು ಎಲ್ಲಿಗೆ ಹೋಗುತ್ತದೆ ಎಂದು ನಸೀಮಾ ಕೇಳಿ, ಮಕ್ಕಳು ಯೋಚಿಸಲಿ ಎಂದು ಸುಮ್ಮನೆ ನಿಂತರೆ, ಆ ಮೌನ ತಾಳಲಾರದೆ ಉತ್ತರ ಹಿಂದಿನ ಬೆಂಚಿನಿಂದ ಬಂದುಬಿಡುತ್ತಿತ್ತು. ಬರಬರುತ್ತಾ ಪ್ರಶ್ನೆ ಬಿದ್ದ ಕೂಡಲೇ ಇಡೀ ಕ್ಲಾಸು ಸೂರ್ಯಕಾಂತಿ ತೋಟದಂತೆ ನನ್ನತ್ತ ತಿರುಗತೊಡಗಿತು. ವಿಷಯ ತಿಳಿದ ಹೆಡ್‌ಮಿಸ್ಟ್ರೆಸ್ ಏನೂ ಬೈಯದೆ ಒಂದು ಡಬ್ಬಿ ಪೆಪ್ಪರ್‌ಮಿಂಟ್ ಕೊಟ್ಟು, ಕ್ಲಾಸಿಗೆ ಹೋಗುವ ಮುನ್ನ ಒಂದು ಬಾಯಿಗೆ ಹಾಕಿಕೊಳ್ಳಿ ಎಂದರು. ಹಾಕಿಕೊಂಡೆ. ಉತ್ತರ ಬಾಯಿಗೆ ಬಂದಾಗಲೆಲ್ಲ ಕಟಕ್. ಆ ಸದ್ದಿಗೂ ಮಕ್ಕಳು ತಿರುಗುತ್ತಿದ್ದರು.

ಕೊನೆಗೊಂದು ದಿನ ನಸೀಮಾ ಟೀ ಆರಲು ಬಿಟ್ಟು, ಲೋಟವನ್ನೇ ನೋಡುತ್ತಾ ಹೇಳಿದಳು: "ಮಿಸ್, ಬೇಜಾರ್ ಮಾಡ್ಕೋಬೇಡಿ. ಹೆಡ್ ಮೇಡಂ ಬರೋ ದಿನ ನೀವು ಬರ್ಬೇಡಿ. ನಾನು ಪ್ರಶ್ನೆ ಕೇಳಿದ್ ತಕ್ಷಣ ಮಕ್ಳು ನಿಮ್ಮ ಮುಖ ನೋಡ್ತಾರೆ. ನಾನೂ ನೋಡ್ತೀನಿ."

ಹೆಡ್‌ಮಿಸ್ಟ್ರೆಸ್ ಬಂದ ದಿನ ನಾನು ಪಕ್ಕದ ಸ್ಟಾಫ್‌ರೂಮಿನಲ್ಲಿ ಗೋಡೆಗೆ ಕಿವಿಯಿಟ್ಟು ಕೂತೆ. ಅವಳ ಪ್ರಶ್ನೆ ಕೇಳಿಸಿತು. ಗೋಡೆ ದಾಟಿ ಕೇಳಿಸಿತು, ನೋಡಿ! ಆಮೇಲೆ ಮೌನ. ಡಬ್ಬಿಯಲ್ಲಿದ್ದುದೆಲ್ಲ ನನ್ನ ಬಾಯಲ್ಲಿ. ಇನ್ನೇನು ಎದ್ದು ಓಡಬೇಕು, ಅಷ್ಟರಲ್ಲಿ ಮಕ್ಕಳೆಲ್ಲ ಒಟ್ಟಿಗೆ ಉತ್ತರ ಕೂಗಿದರು. ನಸೀಮಾ ಪರ್ಮನೆಂಟ್ ಆದಳು. ಎಲ್ಲ ನನ್ನ ಟ್ರೇನಿಂಗ್ ಎಂದು ಮರ್ಫಿ ಟೌನಿನ ತರಕಾರಿಯವಳಿಗೂ ಹೇಳಿಕೊಂಡು ಬಂದೆ.

ರಿಟೈರ್ ಆಗಿ ಎಷ್ಟೋ ವರ್ಷದ ಮೇಲೆ ಸುಮ್ಮನೆ ಶಾಲೆಯ ಕಡೆ ಹೋಗಿದ್ದೆ. ಕಾರಿಡಾರಿನ ಕಿಟಕಿಯಿಂದ ಇಣುಕಿದರೆ, ಯಾರೋ ಹೊಸ ಹುಡುಗಿ ಪಾಠ ಮಾಡುತ್ತಿದ್ದಾಳೆ. ಹಿಂದಿನ ಬೆಂಚಿನಲ್ಲಿ ನಸೀಮಾ, ತಲೆಯಲ್ಲಿ ಅಲ್ಲಲ್ಲಿ ಬೆಳ್ಳಿ, ತುಟಿ ಬಿಗಿದುಕೊಂಡು ಕೂತಿದ್ದಾಳೆ. ಹುಡುಗಿ ಪ್ರಶ್ನೆ ಕೇಳಿದಳು. ಕ್ಲಾಸು ಮೌನವಾಯಿತು. ನಾನು ಕಿಟಕಿಯಿಂದಲೇ ಉತ್ತರ ಹೇಳಿಬಿಟ್ಟೆ.

ಇಡೀ ಕ್ಲಾಸು ತಿರುಗಿತು. ನಸೀಮಾ ಎದ್ದು ಬಂದು, ಪರ್ಸು ತೆರೆದು, ಕಿಟಕಿಯ ಸರಳಿನ ಸಂದಿಯಿಂದ ಒಂದು ಪೆಪ್ಪರ್‌ಮಿಂಟ್ ನೀಡಿದಳು. ನಾನು ವಿಧೇಯಳಾಗಿ ಬಾಯಿಗೆ ಹಾಕಿಕೊಂಡೆ. ಅವಳನ್ನು ಕೊನೆಯ ಸಲ ನೋಡಿದ್ದು ಅದೇ. ಬಾಯಿ ತುಂಬಿತ್ತಲ್ಲ, ಹೋಗಿ ಬರುತ್ತೇನೆ ಎನ್ನಲೂ ಆಗಲಿಲ್ಲ.