ನನ್ನ ಹೆಸರಿನ ಸಾಲಕ್ಕೆ ಶಿವನ ಜಾಮೀನು

ಕೆಲವರ ಮನೆಗೆ ನೆಂಟರು ಹೇಳದೆ ಕೇಳದೆ ಬರುತ್ತಾರೆ. ನಮ್ಮ ಮನೆಗೆ ಇಂಥ ಪ್ರಸಂಗಗಳು ಬರುತ್ತವೆ. ಬಂದವರನ್ನು ಬಾಗಿಲಲ್ಲಿ ನಿಲ್ಲಿಸುವುದು ನಮ್ಮ ಪದ್ಧತಿಯಲ್ಲ. ಹಾಗಾಗಿ ಇವೂ ಒಳಗೆ ಬಂದು, ಉಂಡು, ಒಂದು ನಗು ಬಿಟ್ಟು ಹೋಗುತ್ತವೆ. ಎಲ್ಲ ಅವನ ಲೀಲೆ.

ತಕ್ಕಡಿಯ ಮೇಲಿನ ಸಾಲು

ಮೊದಲು ನಮ್ಮಪ್ಪನ ವಿಷಯ ಹೇಳಬೇಕು. ತಿಪಟೂರಿನಿಂದ ಬಂದು ಮೈಲಾಪೂರಿನ ಕೊಳದ ಹಿಂದಿನ ಬೀದಿಯಲ್ಲಿ ಕೊಬ್ಬರಿ ಅಂಗಡಿ ಇಟ್ಟವರು. ಆಗ ಇದು ಮದ್ರಾಸು. ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಡಿಯ ಕೊಬ್ಬರಿ ವಾಸನೆಯೂ ಎದುರುಗಡೆ ಹೂವಿನವಳ ಮಲ್ಲಿಗೆಯ ವಾಸನೆಯೂ ನಡುಬೀದಿಯಲ್ಲಿ ಸಂಧಿಸುತ್ತಿದ್ದವು. ಈಗಲೂ ಕಣ್ಣು ಮುಚ್ಚಿದರೆ ಮೂಗಿಗೆ ಬರುತ್ತದೆ.

ಅಪ್ಪ ತಕ್ಕಡಿಯ ಮೇಲುಗಡೆ ಗೋಡೆಗೆ ಕನ್ನಡದಲ್ಲಿ ಒಂದು ಸಾಲು ಬರೆಸಿದ್ದರು: "ಶಿವ ನೋಡ್ತಿದಾನೆ." ತೂಗುವ ತಮ್ಮ ಕೈಗೆ ಎಚ್ಚರಿಕೆ ಇರಲಿ ಅಂತ. ಬೀದಿಯಲ್ಲಿ ಅದನ್ನು ಓದಬಲ್ಲವರು ನಮ್ಮ ಮನೆಯವರು ಮಾತ್ರ.

ಒಂದು ದಿನ ಗಿರಾಕಿ ಮಾಮಿಯೊಬ್ಬರು ಆ ಸಾಲನ್ನೇ ದಿಟ್ಟಿಸಿ ನೋಡಿ ಜಗಳಕ್ಕೆ ನಿಂತರು. "ಅದು ರೇಟು ತಾನೆ? ನಿಮ್ಮ ಭಾಷೆಯವರಿಗೆ ಒಂದು ರೇಟು, ನಮಗೊಂದು ರೇಟಾ?"

"ಅದು ರೇಟಲ್ಲಮ್ಮ, ದೇವರ ಮಾತು" ಅಂದರು ಅಪ್ಪ.

"ದೇವರು ಹೇಳಿದ ರೇಟಿಗೇ ಕೊಡಿ ಹಾಗಾದರೆ!"

ಅಪ್ಪ ನಕ್ಕು, ಕಮ್ಮಿ ಮಾಡಿ ಕೊಟ್ಟರು. ಶಿವ ನೋಡಿದ್ದರಿಂದ ಅಂಗಡಿಗಾದ ಮೊದಲ ನಷ್ಟ ಅದು.

ನನಗೆ ಅಕ್ಷರ ಕಲಿಸಿದ್ದೂ ಆ ಸಾಲಿನಿಂದಲೇ. ಕೊಬ್ಬರಿ ಮೂಟೆಯ ಮೇಲೆ ಕೂರಿಸಿ, ಸ್ಲೇಟು ಕೊಟ್ಟು, "ಡಕಾರದ ಕೆಳಗೆ ತ ಒತ್ತು ದುಂಡಗೆ ಬರಲಿ" ಅಂತ ಮತ್ತೆ ಮತ್ತೆ ಬರೆಸುತ್ತಿದ್ದರು. ಅಪ್ಪ ಯಾರ ಹತ್ತಿರವೂ ಕೈ ಚಾಚಲಿಲ್ಲ. ಹೋಗುವಾಗ ನಮಗೆ ಸಾಲ ಬಿಟ್ಟು ಹೋಗಲಿಲ್ಲ, ಈ ಸಾಲು ಬಿಟ್ಟು ಹೋದರು. ಬ್ಯಾಂಕಿನಲ್ಲಿ ನನ್ನ ಸಹಿ ಇಂಗ್ಲಿಷಿನದು. ಆದರೆ ಯಾವ ಕಾಗದದ ಜೆರಾಕ್ಸು ಯಾರಿಗೆ ಕೊಡುವಾಗಲೂ ಕೆಳಗೆ ಅಪ್ಪನ ಸಾಲನ್ನು ಬರೆದೇ ಕೊಡುತ್ತೇನೆ. ಹೊಸ ಗ್ಯಾಸ್ ಒಲೆಗೆ ಅಂತ ಮನೆಗೆ ಬಂದವನೊಬ್ಬನಿಗೆ ಗುರುತಿನ ಚೀಟಿಯ ಜೆರಾಕ್ಸು ಕೊಟ್ಟಾಗಲೂ ಹಾಗೇ ಬರೆದುಕೊಟ್ಟೆ. ಒಲೆ ಬರಲೇ ಇಲ್ಲ.

ಕೂದಲಿನ ಕಡನ್

ಬಂದದ್ದು ಫೋನು. ಲಿಂಗಪೂಜೆ ಮುಗಿಸಿ ಏಳುತ್ತಿದ್ದೆ.

"ಅಮ್ಮಾ, ಉಂಗ ಪೇರ್‌ಲ ಕಡನ್ ಬಾಕ್ಕಿ ಇರುಕ್ಕು" ಅಂತ ಒಂದು ಗಂಡು ದನಿ.

ನಿಮ್ಮ ಹೆಸರಲ್ಲಿ ಕಡನ್ ಬಾಕಿ ಇದೆ ಅಂತ. ತಮಿಳಿನಲ್ಲಿ ಕಡನ್ ಅಂದರೆ ಸಾಲ. ಆದರೆ ದೇವರಿಗೆ ಹೊತ್ತ ಹರಕೆಯೂ ಅವರ ಬಾಯಲ್ಲಿ ಕಡನ್ನೇ. ಸಾಲವನ್ನೇ ಕಾಣದ ನನಗೆ ನೆನಪಾದದ್ದು ಹರಕೆ. ಯಜಮಾನರ ಮಂಡಿನೋವು ವಾಸಿಯಾದರೆ ಪಳನಿಯಲ್ಲಿ ಅವರ ಮುಡಿ ಕೊಡಿಸುತ್ತೇನೆ ಅಂತ ಬೇಡಿಕೊಂಡಿದ್ದೆ. ಮಂಡಿ ವಾಸಿಯಾಗಿ ಎಷ್ಟೋ ವರ್ಷವಾಗಿದೆ, ಹೋಗಿಲ್ಲ. ಈಗ ದೇವಸ್ಥಾನದಿಂದಲೂ ಫೋನ್ ಮಾಡಿ ಜ್ಞಾಪಿಸುತ್ತಾರೆ, ಎಷ್ಟು ಒಳ್ಳೆಯ ಏರ್ಪಾಡು ಅಂದುಕೊಂಡೆ.

"ಹೌದಪ್ಪ, ಬಾಕಿ ಇದೆ. ತಪ್ಪಾಯ್ತು" ಅಂದೆ ತಮಿಳಿನಲ್ಲಿ.

ಅವನಿಗೂ ಆಶ್ಚರ್ಯ. "ಒಪ್ಕೊಂಡ್ರಲ್ಲ, ಸಂತೋಷ. ಯಾವಾಗ ಕೊಡ್ತೀರಿ?"

"ಕೊಡೋಣ ಅಂತಲೇ ಇದ್ವಿ. ಅಷ್ಟರಲ್ಲಿ ಎಲ್ಲಾ ಉದುರಿಹೋಯ್ತು."

"ಏನು ಉದುರಿಹೋಯ್ತು?"

"ಕೂದಲಪ್ಪ, ನಮ್ಮ ಯಜಮಾನರದು. ಈಗ ಕಿವಿ ಪಕ್ಕ ಒಂದಿಷ್ಟಿದೆ. ಅಷ್ಟು ಕೊಟ್ಟರೆ ಸಾಕಾ, ಇಲ್ಲ ಬಡ್ಡಿಗೆ ಅಂತ ನನ್ನದೂ ಕೊಡಬೇಕಾ?"

ಆ ಕಡೆ ಕಾಗದ ಮಗುಚುವ ಸದ್ದು. ಆಮೇಲೆ ಬಹಳ ಮೆತ್ತಗೆ ಹೇಳಿದ: "ಅಮ್ಮಾ, ನಮ್ಮ ಕಂಪನಿ ಇನ್ನೂ ಆ ಮಟ್ಟಕ್ಕೆ ಇಳಿದಿಲ್ಲ."

ಕಿವಿಯಲ್ಲಿ ಹೇಳಿದ ಗುಟ್ಟು

ಸಂಜೆ ವೇಲಚೇರಿಯಿಂದ ಮೊಮ್ಮಗಳು ಬಂದಳು. ಕಾಲೇಜಿನವಳು. ನಾವು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಫೋನು ತಡಕಿ ನೋಡಿ, "ಅಯ್ಯಯ್ಯೋ ಅಜ್ಜಿ, ಉಂಗ ಪೇರ್‌ಲ ಯಾರೋ ಲೋನ್ ವಾಂಗಿಟ್ಟಾಂಗ!" ಅಂದಳು. ನನ್ನ ಹೆಸರಿನಲ್ಲಿ ಯಾರೋ ಒಂದು ಫೈನಾನ್ಸ್ ಕಂಪನಿಯಿಂದ ದೊಡ್ಡ ಸಾಲವನ್ನೇ ಎತ್ತಿದ್ದರು. ಇತ್ಯರ್ಥವಾಗುವ ತನಕ ನನ್ನ ಬ್ಯಾಂಕ್ ಖಾತೆಗೂ ತಡೆ.

ಅಪ್ಪನ ಸ್ಮರಣೆಯ ದಿನ ಹತ್ತಿರದಲ್ಲೇ ಇತ್ತು. ಆ ದಿನ ಬೀದಿಯವರಿಗೆಲ್ಲ ದಾಸೋಹ ಮಾಡುವುದು ನಾವು ಎಂದೂ ತಪ್ಪಿಸಿದ್ದಲ್ಲ. ಅದಕ್ಕೆ ಕೂಡಿಟ್ಟ ದುಡ್ಡು ಆ ಖಾತೆಯಲ್ಲೇ. ದಿನಸಿಯವರು "ಸಾಮಾನು ತಗೊಂಡ್ಹೋಗಿ ಅಮ್ಮ, ಆಮೇಲೆ ಕೊಡಿ" ಅಂದರು, ಪಾಪ. ಆದರೆ ಸಾಲವೇ ಮಾಡದ ಅಪ್ಪನ ಹೆಸರಿನ ಊಟವನ್ನು ಸಾಲ ತಂದು ಬಡಿಸುವುದೆ?

ಮೊಮ್ಮಗಳ ಜೊತೆ ಪೊಲೀಸ್ ಠಾಣೆಗೆ ಹೋದೆ. ಅಲ್ಲಿ ದೂರು ಬರೆದುಕೊಳ್ಳುವ ರೈಟರು ತುಂಬ ಮರ್ಯಾದೆಯಿಂದ ಕೂರಿಸಿ ಕೇಳಿದರು: "ಯಾರಾದರೂ ನಿಮಗೆ ರಹಸ್ಯವಾಗಿ ಏನಾದರೂ ಹೇಳಿ, ಯಾರಿಗೂ ಹೇಳಬೇಡಿ ಅಂದಿದ್ದಾರಾ?"

ಸುಳ್ಳು ಹೇಳಬಾರದಲ್ಲ. "ಅಂದಿದ್ದಾರೆ. ಕಿವಿಯಲ್ಲೇ ಹೇಳಿದರು. ಯಜಮಾನರಿಗೂ ಹೇಳಿಲ್ಲ ನಾನು."

ಅವರು ಪೆನ್ನು ಎತ್ತಿಕೊಂಡರು. "ಯಾರು?"

"ನಮ್ಮ ಗುರುಗಳು. ಲಿಂಗದೀಕ್ಷೆ ಕೊಡುವಾಗ."

"ಈಗೆಲ್ಲಿದ್ದಾರೆ?"

ನಾನು ಕೈ ಮುಗಿದು ಮೇಲೆ ತೋರಿಸಿದೆ. ಅವರು ಬಗ್ಗಿ ಬರೆದುಕೊಂಡರು. ಮೊಮ್ಮಗಳು ಇಣುಕಿ ನೋಡಿ ಹೌಹಾರಿದಳು. ದೂರಿನಲ್ಲಿ ಬರೆದಿದ್ದು: "ಗುರು ಎಂಬ ಆಸಾಮಿ, ಮಹಡಿ ಮನೆ, ಸದ್ಯ ತಲೆಮರೆಸಿಕೊಂಡಿದ್ದಾನೆ."

ಜೈಲಿನ ಊಟ

ದೂರು ತಿದ್ದಿಸಿ ಕೊಟ್ಟದ್ದಾಯಿತು. ಆದರೂ ವಸೂಲಿಯವನು ಮನೆಗೇ ಬಂದ. ಕೂದಲಿನ ಫೋನು ಮಾಡಿದವನೇ. ಮಣಲಿಯಿಂದ ಬಸ್ಸು ಬದಲಿಸಿ ಬದಲಿಸಿ ಬಂದಿದ್ದನಂತೆ, ಅಂಗಿಯೆಲ್ಲ ಬೆವರು. ಬಾಗಿಲಲ್ಲೇ ನಿಂತು, ಬಾಯಿಪಾಠ ಒಪ್ಪಿಸುವವನ ಹಾಗೆ ಜೋರು ಶುರುಮಾಡಿದ: "ದುಡ್ಡು ಕಟ್ಟದಿದ್ದರೆ ಜೈಲಿಗೆ ಹೋಗಿ ಕಳಿ ತಿನ್ನಬೇಕಾಗುತ್ತೆ, ತಿಳ್ಕೊಳ್ಳಿ!"

ತಮಿಳರು ಕಳಿ ಅನ್ನುವುದು ನಮ್ಮ ರಾಗಿಮುದ್ದೆಗೆ. ಜೈಲಿನಲ್ಲಿ ಹಿಂದೆ ಅದನ್ನೇ ಹಾಕುತ್ತಿದ್ದರು ಅಂತ, ಅವರಲ್ಲಿ ಕಳಿ ತಿನ್ನಿಸುವುದು ಅಂದರೆ ದೊಡ್ಡ ಬೆದರಿಕೆ. ಒಳಗಿಂದ ಯಜಮಾನರು ತಟ್ಟೆ ಹಿಡಿದುಕೊಂಡೇ ಬಂದರು. ತಟ್ಟೆಯಲ್ಲಿ ಹೊಳೆಯುವ ಮುದ್ದೆ, ಉಪ್ಪೆಸರು.

"ಮದುವೆಯಾದಾಗಿನಿಂದ ಅನುಭವಿಸ್ತಾ ಇದೀನಿ ತಂಬಿ" ಅಂದರು. "ಬಿಡುಗಡೆ ಯಾವಾಗ ಅಂತ ನೀನೇ ಕೇಳು ಇವಳನ್ನ."

"ಇವರ ಮಾತಿರಲಿ, ನೀನು ಕೈ ತೊಳ್ಕೊಳ್ಳಪ್ಪ. ಮುದ್ದೆ ಆರಿದರೆ ಚೆನ್ನಾಗಿರಲ್ಲ. ಉಂಡು ಆಮೇಲೆ ಬಯ್ಯುವೆಯಂತೆ" ಅಂದೆ ನಾನು. ಹಸಿದು ಬಂದವನು ಯಾರಾದರೇನು, ಜಂಗಮನೇ. ವಿಭೂತಿಯನ್ನೂ ಕೊಟ್ಟೆ. ಅವನು ಅಗಿಯಲು ಹೋಗಿ, ನುಂಗಲು ಕಲಿತು, ಎರಡನೆಯ ಮುದ್ದೆಗೆ ಕೈ ಒಡ್ಡಿದ. ಉಂಡಾದ ಮೇಲೆ ತಟ್ಟೆಯನ್ನು ತಾನೇ ತೊಳೆದಿಟ್ಟ. ಕೊನೆಗೆ ತಲೆ ತಗ್ಗಿಸಿ, "ಅಮ್ಮಾ, ನೀವು ಸಾಲ ತಗೊಂಡವರ ಹಾಗೆ ಕಾಣಲ್ಲ. ನಾಳೆ ಆಫೀಸಿಗೆ ಬನ್ನಿ, ಅರ್ಜಿ ತೆಗೆಸಿ ತೋರಿಸ್ತೀನಿ" ಅಂದ.

ಚಪ್ಪಲಿ ಮೆಟ್ಟಿಕೊಳ್ಳುತ್ತಾ ಯಜಮಾನರನ್ನು ಮೆಲ್ಲಗೆ ಕೇಳಿದ: "ಸಾರ್, ಜೈಲಲ್ಲೂ ಇದೇ ಸಾರು ಹಾಕ್ತಾರಾ?"

ಸಹಿ

ಮರುದಿನ ಮೊಮ್ಮಗಳ ಜೊತೆ ರೈಲು ಹತ್ತಿದೆ. ಕಂಬಗಳ ಮೇಲೆಯೇ ಹೋಗುವುದರಿಂದ ಇಲ್ಲಿಯವರು ಅದನ್ನು ಹಾರುವ ರೈಲು ಅನ್ನುತ್ತಾರೆ. ಕಿಟಕಿಯಲ್ಲಿ ಮೈಲಾಪೂರಿನ ಹಳೆ ತಾರಸಿಗಳು, ಒಣಹಾಕಿದ ಹಪ್ಪಳ ಸಂಡಿಗೆಗಳು ಹಿಂದೆ ಹೋದವು. ವೇಲಚೇರಿಗೆ ಬಂದರೆ ಬರೀ ಗಾಜಿನ ಕಟ್ಟಡಗಳು. ದಾರಿಯುದ್ದಕ್ಕೂ ನಾನು ಪಂಚಾಕ್ಷರಿ ಜಪಿಸುತ್ತಲೇ ಇದ್ದೆ. ದಾಸೋಹಕ್ಕೆ ಇನ್ನು ಒಂದು ವಾರವೂ ಇರಲಿಲ್ಲ.

ಕಂಪನಿಯ ಅಧಿಕಾರಿ ಟೈ ಕಟ್ಟಿದ ಹುಡುಗ. ವಸೂಲಿಯವನು ಅರ್ಜಿಯ ಕಟ್ಟನ್ನು ಮೇಜಿನ ಮೇಲಿಟ್ಟು ಮೂಲೆಯಲ್ಲಿ ನಿಂತ.

"ಇದು ನನ್ನ ಸಹಿಯಲ್ಲ ಅಂತಾರೆ ಎಲ್ಲರೂ" ಅಂದ ಅಧಿಕಾರಿ. "ಆದರೆ ನೋಡಿ, ಸಹಿ ಕನ್ನಡದಲ್ಲಿದೆ. ನೀವು ಕನ್ನಡದವರು. ನಿಮ್ಮ ಗುರುತಿನ ಚೀಟಿಯ ಜೆರಾಕ್ಸಿನ ಮೇಲೂ ಇದೇ ಇದೆ. ಅರ್ಜಿಯ ಕೊನೆಯ ಪುಟದ್ದಕ್ಕೂ ಅದಕ್ಕೂ ಒಂದು ಗೀಟೂ ವ್ಯತ್ಯಾಸವಿಲ್ಲ. ಇನ್ನೇನಮ್ಮ ಹೇಳ್ತೀರಿ?"

ಕನ್ನಡಕ ಏರಿಸಿ ನೋಡಿದೆ. ನೋಡಿದವಳಿಗೆ ನಗು ಬಂತು. ಸೆರಗು ಬಾಯಿಗಿಟ್ಟರೂ ನಿಲ್ಲಲಿಲ್ಲ.

"ಅಳಬೇಡಿ ಅಮ್ಮ" ಅಂದ ಅಧಿಕಾರಿ.

"ಅಳ್ತಾ ಇಲ್ಲಪ್ಪ. ಇದು ಹೆಸರೇ ಅಲ್ಲ."

"ಹೆಸರಲ್ಲದೆ?"

"ನಾನು ಹೇಳಿದರೆ ನೀವು ನಂಬ್ತೀರಾ?"

ಮೊಮ್ಮಗಳಿಗೆ ಕನ್ನಡ ಓದಲು ಬಾರದು. ಆದರೆ ಅವಳ ಫೋನಿಗೆ ಬರುತ್ತದೆ. ಫೋನನ್ನು ಆ ಸಹಿಯ ಮೇಲೆ ಹಿಡಿದಳು. ಒಂದು ಹೆಣ್ಣು ದನಿ ಗಂಭೀರವಾಗಿ ತಮಿಳಿನಲ್ಲಿ ಉಲಿಯಿತು: "ಶಿವನ್ ಪಾರ್ತ್ತುಕ್ಕೊಂಡಿರುಕ್ಕಿರಾರ್."

ಶಿವ ನೋಡುತ್ತಿದ್ದಾನೆ!

ಅಧಿಕಾರಿ ಥಟ್ಟನೆ ಮೇಲೆ ನೋಡಿದ. ಅಲ್ಲಿದ್ದದ್ದು ಕ್ಯಾಮೆರಾ. ಮೊಮ್ಮಗಳು ಪುಟ ತಿರುಗಿಸಿ ಫೋನು ಹಿಡಿದಳು: "ಶಿವನ್ ಪಾರ್ತ್ತುಕ್ಕೊಂಡಿರುಕ್ಕಿರಾರ್." ಇನ್ನೊಂದು ಪುಟ. ಅಲ್ಲೂ ಅದೇ. ಪಾಪ, ಆ ಗ್ಯಾಸ್ ಒಲೆಯ ಕಳ್ಳನಿಗೆ ಕನ್ನಡ ಬಾರದು. ಜೆರಾಕ್ಸಿನ ಕೆಳಗಿದ್ದ ಅಪ್ಪನ ಸಾಲನ್ನೇ ನನ್ನ ಸಹಿ ಅಂದುಕೊಂಡು, ಎಲ್ಲೆಲ್ಲಿ ಸಹಿ ಬೇಕೋ ಅಲ್ಲೆಲ್ಲ ಶ್ರದ್ಧೆಯಿಂದ ಬರೆದಿದ್ದ. ಮೂಲೆಯಲ್ಲಿದ್ದ ವಸೂಲಿಯವನು ಪ್ರತಿ ಪುಟಕ್ಕೂ ಗುಡಿಯಲ್ಲಿ ನಿಂತವನ ಹಾಗೆ ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಿದ್ದ. ಅಕ್ಕಪಕ್ಕದ ಮೇಜಿನವರೂ ಎದ್ದು ಬಂದರು. ಆ ಗಾಜಿನ ಕಟ್ಟಡದಲ್ಲಿ ಅಷ್ಟು ನಾಮಸ್ಮರಣೆ ಅದಕ್ಕೆ ಮೊದಲು ನಡೆದಿರಲಾರದು.

ಬ್ಯಾಂಕಿನಿಂದ ನನ್ನ ಇಂಗ್ಲಿಷ್ ಸಹಿ ತರಿಸಿ ಹೋಲಿಸಿದರು. ಸಾಲ ರದ್ದಾಯಿತು, ಖಾತೆಯ ತಡೆ ಬಿಟ್ಟಿತು. ಅಪ್ಪನ ದಾಸೋಹ ಸ್ಮರಣೆಯ ದಿನವೇ ನಡೆಯಿತು, ಒಂದು ಕಾಸೂ ಕೈಗಡವಿಲ್ಲದೆ. ವಸೂಲಿಯವನು ಬಂದು ಪಂಚೆ ಎತ್ತಿಕಟ್ಟಿ ತಾನೇ ಮುದ್ದೆ ಬಡಿಸಿದ. ಕಳ್ಳ ಮಾತ್ರ ಇನ್ನೂ ಸಿಕ್ಕಿಲ್ಲ. ಸಿಗದಿದ್ದರೂ ಚಿಂತೆಯಿಲ್ಲ. ಯಾರು ನೋಡುತ್ತಿದ್ದಾರೆ ಅಂತ ಅವನೇ ತನ್ನ ಕೈಯಾರೆ ಬರೆದುಕೊಟ್ಟಿದ್ದಾನಲ್ಲ.

ಇದರಿಂದ ಆದ ದೊಡ್ಡ ಲಾಭ ಬೇರೆ. ಮೊಮ್ಮಗಳು ಕನ್ನಡ ಕಲಿಸು ಅಂತ ಗಂಟುಬಿದ್ದಿದ್ದಾಳೆ. ಅಪ್ಪ ನನಗೆ ಕೊಟ್ಟ ಸಾಲನ್ನೇ ಅವಳಿಗೂ ಬರೆಯಲು ಕೊಟ್ಟೆ. ನಾಕು ದಿನ ತಿದ್ದಿದರೂ ಒತ್ತು ಸೊಟ್ಟಗೇ ಬರುತ್ತಿತ್ತು. ಆ ಅರ್ಜಿಯ ನಕಲು ನಮ್ಮ ಮನೆಯಲ್ಲೇ ಇದೆ. ತೆಗೆದು ಅವಳ ಮುಂದಿಟ್ಟೆ. ಮೊದಲ ಪುಟದಲ್ಲಿ ಕಳ್ಳನ ಒತ್ತೂ ಸೊಟ್ಟಗೇ ಇತ್ತು. ಬರೆಯುತ್ತಾ ಬರೆಯುತ್ತಾ ತಿದ್ದಿಕೊಂಡು, ಕೊನೆಯ ಪುಟಕ್ಕೆ ಬರುವ ಹೊತ್ತಿಗೆ ಅಪ್ಪ ಹೇಳುತ್ತಿದ್ದ ಹಾಗೆ ಗುಂಡು ಗುಂಡಗೆ ಬಂದಿತ್ತು.

"ನೋಡೇ" ಅಂದೆ, "ಮನಸ್ಸಿಟ್ಟು ಬರೆದರೆ ಹೀಗೆ ಬರುತ್ತೆ. ಅವನನ್ನು ನೋಡಿ ಕಲಿ."