ಮಾವನ ಸಾಣಿಗೆ

ನಮ್ಮ ಸೋದರಮಾವನಿಗೆ ಲಗ್ನಪತ್ರಿಕೆ ಕೊಡುವವರು ಸ್ವಲ್ಪ ಯೋಚಿಸಿ ಕೊಡಬೇಕು. ಮದುಮಗ ಯಾರು, ಮದುಮಗಳು ಯಾರ ಪೈಕಿ ಎಂದು ಅವನು ನೋಡುವುದಿಲ್ಲ. ಕನ್ನಡಕವನ್ನು ಹಣೆಗೇರಿಸಿ, "ತಾರೀಖಿನಾಗ ಚುಕ್ಕಿ ಇಟ್ಟೀರಿ, ಮತ್ತ ಕೆಳಗ ಗೆರಿ ಎಳದೀರಿ. ಇದನ್ನ ಮಷಿನ್ ಹೆಂಗ ಓದಬೇಕ್ರಿ?" ಎಂದು ಕೇಳುತ್ತಾನೆ. ಲಗ್ನಕ್ಕೆ ಮಷಿನ್ ಯಾಕೆ ಬರುತ್ತದೆ? ಬಂದವರು ಗಾಬರಿಯಾಗಿ ಅತ್ತೆಯ ಮುಖ ನೋಡುತ್ತಾರೆ. ಅತ್ತೆ, "ನೀವು ಚಾ ಕುಡೀರಿ" ಎಂದು ಮಾತು ತಿರುಗಿಸುತ್ತಾಳೆ.

ಮಾವ ಕೊಪ್ಪಳದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ಎರಡು ವರ್ಷದವಳಿದ್ದಾಗ ಅಪ್ಪ ಅಮ್ಮನನ್ನು ಕಳೆದುಕೊಂಡು ಅವನ ಮನೆ ಸೇರಿದ ನಾನು, ಅದೇ ಶಾಲೆಯಲ್ಲಿ ಓದಿ, ಈಗ ಅಲ್ಲೇ ಕನ್ನಡ ಕಲಿಸುತ್ತೇನೆ. ಅಂದರೆ ಮನೆಯಲ್ಲೂ ಶಾಲೆಯಲ್ಲೂ ಅವನಿಂದ ನನಗೆ ಬಿಡುಗಡೆಯಿಲ್ಲ!

ಶಾಲೆಗೆ ಮೊದಲ ಕಂಪ್ಯೂಟರ್ ಬಂದಾಗ ಉಳಿದವರೆಲ್ಲ ಅದಕ್ಕೆ ಕುಂಕುಮ ಹಚ್ಚಿ, ಬಟ್ಟೆ ಹೊದಿಸಿ ಕೈ ಮುಗಿದರು. ಮಾವ ಬಟ್ಟೆ ತೆಗೆದ. ಎಲ್ಲಿಂದಲೋ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ವಿದ್ಯೆ ಕಲಿತ. ಉದ್ದನೆಯ ಬರಹದಲ್ಲಿ ಇಂಥ ಗುರುತಿನ ನಂತರ ಇರುವ ಹೆಸರು ತೆಗೆ, ಇಂಥ ಗುರುತಿನ ನಡುವೆ ಇರುವ ಊರು ತೆಗೆ ಎಂದು ಚುಕ್ಕಿ, ನಕ್ಷತ್ರ, ಗೆರೆಗಳಲ್ಲಿ ಕಂಪ್ಯೂಟರಿಗೆ ಹೇಳುವ ವಿದ್ಯೆ ಅದು. ಅತ್ತೆ ಹಿಟ್ಟು ಸಾಣಿಸುವುದನ್ನು ನೋಡುತ್ತಾ ಬೆಳಿಗ್ಗೆ ಚಹಾ ಕುಡಿಯುವ ಮಾವ ಅದಕ್ಕೆ 'ಸಾಣಿಗಿ' ಎಂದೇ ಹೆಸರಿಟ್ಟ.

ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳು ಒಂದು ಕಪಾಟು ತುಂಬ ಇದ್ದವು. ಅವನ್ನೆಲ್ಲ ಟೈಪ್ ಮಾಡಿಸಿ, ಹೆಸರು, ಊರು, ಹುಟ್ಟಿದ ತಾರೀಖು, ಪುಟದ ಸಂಖ್ಯೆ ಬೇರೆ ಬೇರೆ ಮಾಡಿ ಒಂದು ಪಟ್ಟಿ ಮಾಡುತ್ತೇನೆಂದು ಮಾವ ಹಟ ಹಿಡಿದ. ಯಾರೂ ಕೇಳಿರಲಿಲ್ಲ, ಅದು ಬೇರೆ ಮಾತು.

ಮೊದಲ ದಿನವೇ ಪೇಚಿಗೆ ಸಿಕ್ಕಿದ. ಟೈಪ್ ಮಾಡಿದವರು ಒಂದಿಡೀ ತರಗತಿಯನ್ನು ಒಂದೇ ಸಾಲಿನಲ್ಲಿ ಹೊಡೆದಿದ್ದರು. ಕಂಸದೊಳಗಿನ ಊರು ತೆಗೆ ಎಂದರೆ, ಆ ಸಾಣಿಗೆ ಮೊದಲ ಕಂಸದಿಂದ ಕೊನೆಯ ಕಂಸದವರೆಗೆ ಎಲ್ಲರನ್ನೂ ಬಾಚಿಕೊಂಡು ಬಂತು. ಕುಷ್ಟಗಿಯಲ್ಲಿ ಶುರುವಾದ ಊರು ಗಂಗಾವತಿಯಲ್ಲಿ ಮುಗಿಯಿತು! ಎರಡು ದಿನ ಒದ್ದಾಡಿದ ಮಾವ ಮೂರನೆಯ ದಿನ ಊಟಕ್ಕೆ ಕೂತಾಗ ವಿವರಿಸಿದ:

"ಆ ನಕ್ಷತ್ರ ಭಾಳ ಆಸೆಬುರುಕ ಐತಿ. ಅದರ ಮುಂದ ಒಂದು ಪ್ರಶ್ನಾರ್ಥಕ ಹಚ್ಚಿದ್ನಿ ನೋಡು, ಸಿಕ್ಕಷ್ಟಕ್ಕ ಸುಮ್ಮನಾತು."

"ನಿಮ್ಮ ಮುಂದೂ ಒಂದು ಹಚ್ಚಬೇಕು," ಎಂದಳು ಅತ್ತೆ. ಮಾವನ ಕೈ ಐದನೆಯ ರೊಟ್ಟಿಯ ಮೇಲಿತ್ತು.

ಇನ್ನೊಂದು ಸಲ, ಪಟ್ಟಿಯ ಪ್ರಕಾರ, ಒಂದು ವರ್ಷ ಶಾಲೆಗೆ ಸೇರಿದ ಮಕ್ಕಳು ಯಾರೂ ಹುಟ್ಟೇ ಇರಲಿಲ್ಲ. ಅದೇ ವರ್ಷ ಅದೇ ಶಾಲೆಗೆ ಸೇರಿದ್ದ ನಮ್ಮ ಹೆಡ್‌ಮಾಸ್ತರರು ಪಟ್ಟಿ ಹಿಡಿದು ಬಂದು, "ಹಂಗಾರ ನಾ ಯಾರ್ರೀ?" ಎಂದು ಕೇಳಿದರು. ನೋಡಿದರೆ, ಆ ವರ್ಷದ ತಾರೀಖುಗಳನ್ನೆಲ್ಲ ಕನ್ನಡ ಅಂಕಿಗಳಲ್ಲಿ ಹೊಡೆದಿದ್ದರು. ಮಾವನ ಸಾಣಿಗೆಗೆ ಗೊತ್ತಿದ್ದದ್ದು ಇಂಗ್ಲಿಷ್ ಅಂಕಿ ಮಾತ್ರ. ಸಂಜೆಯೊಳಗೆ ಮಾವ ಎಲ್ಲರನ್ನೂ ಹುಟ್ಟಿಸಿದ. ಅವತ್ತಿನಿಂದ ಹೆಡ್‌ಮಾಸ್ತರರಿಗೆ ಆ ಪಟ್ಟಿಯ ಮೇಲೆ ಎಲ್ಲಿಲ್ಲದ ನಂಬಿಕೆ ಬಂದು, ದಾಖಲಾತಿ ಪುಸ್ತಕಗಳ ಕಪಾಟಿಗೆ ಬೀಗ ಬಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಕುಕನೂರು ಕಡೆಯಿಂದ ಒಬ್ಬ ಹೆಣ್ಣುಮಗಳು ಬಂದಳು. ಅಂಗನವಾಡಿ ಸಹಾಯಕಿಯ ಕೆಲಸಕ್ಕೆ ಅರ್ಜಿ ಹಾಕಬೇಕಿತ್ತು. ಇಲ್ಲಿ ಎಂಟನೆಯ ತರಗತಿ ಓದಿದ್ದಕ್ಕೆ ದಾಖಲೆ ಬೇಕು, ಮರುದಿನವೇ ಕೊನೆಯ ದಿನ. ಹೆಡ್‌ಮಾಸ್ತರರು ಪಟ್ಟಿಯನ್ನು ಎರಡು ಸಲ ನೋಡಿದರು.

"ಲಿಸ್ಟಿನಾಗ ನಿಮ್ಮ ಹೆಸರಿಲ್ರಿ. ಬ್ಯಾರೆ ಸಾಲಿ ಇರಬೇಕು."

"ಇದ ಸಾಲಿರಿ ಸರ. ಆ ಬೇವಿನ ಗಿಡದ ಬುಡಕ್ಕ ಕುಂತು ಓದೀನಿ," ಎಂದಳು ಆಕೆ.

ಮೂಲೆಯಲ್ಲಿದ್ದ ಮಾವ ಎದ್ದು ಬಂದ. "ಮಷಿನ್ ಇಲ್ಲ ಅಂದ್ರ ಇಲ್ಲ ಅಂತಲ್ರಿ. ನಾವು ಕೇಳೋದು ತಪ್ಪಿರ್ತೈತಿ. ಅಕ್ಕಾರ, ನಿಮ್ಮ ತಂದಿ ಹೆಸರೇನು?"

ಆಕೆ ತಲೆ ತಗ್ಗಿಸಿದಳು. "ತಂದಿ ಹೆಸರ ಬರಸಿಲ್ರಿ. ಅವ್ವ ಒಬ್ಬಾಕೀನ ಬಂದು ಸಾಲಿಗೆ ಹಚ್ಚಿದ್ಲು."

ನಮ್ಮ ಶಾಲೆಯ ಹಳೆಯ ಮಾಸ್ತರರಿಗೆ ಒಂದು ರೂಢಿಯಿತ್ತು. ಮಗುವಿನ ಹೆಸರಿನ ಮುಂದೆ, ಸೇರಿಸಲು ಬಂದವರು ಏನಾಗಬೇಕೆಂದು ಕೇಳಿ, 'ತಂದೆ' ಎಂದೋ 'ತಾಯಿ' ಎಂದೋ ಬರೆದು ಅವರ ಹೆಸರು ಹಾಕುತ್ತಿದ್ದರು. ಮಾವನ ಸಾಣಿಗೆ ಹುಡುಕುತ್ತಿದ್ದದ್ದು 'ತಂದೆ'ಯನ್ನು ಮಾತ್ರ. ಇಲ್ಲದವರನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗಿತ್ತು.

ಮಾವನ ಮುಖ ಬಾಡಿತು. "ತಪ್ಪು ನಂದೈತ್ರಿ ಅಕ್ಕಾರ. ಎಲ್ಲಾರಿಗೂ ತಂದಿನ ಬಂದು ಹೆಸರ ಹಚ್ಚತಾನ ಅಂತ ನಾ ಹೆಂಗ ತಿಳಕೊಂಡ್ನೋ ಏನೋ," ಎಂದ. ಸಾಣಿಗೆಯಲ್ಲಿ 'ತಂದೆ'ಯ ಪಕ್ಕಕ್ಕೆ 'ಅಥವಾ' ಎಂಬರ್ಥದ ಒಂದು ನಿಂತ ಗೆರೆ ಎಳೆದು 'ತಾಯಿ' ಸೇರಿಸಿದ. ಆಕೆಯ ಹೆಸರು ಪುಟದ ಸಂಖ್ಯೆಯ ಸಮೇತ ಬಂತು. ಕಪಾಟಿನ ಬೀಗ ತೆಗೆದು ಪುಸ್ತಕ ನೋಡಿ, ಹೆಡ್‌ಮಾಸ್ತರರು ಸಹಿ ಮಾಡಿದರು. ಆಕೆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಬಸ್ಸಿಗೆ ನಡೆದಳು.

ಮಾವ ಮಾತ್ರ ಏಳಲಿಲ್ಲ. ಇನ್ನೂ ಯಾರನ್ನು ಬಿಟ್ಟಿದ್ದೇನೋ ನೋಡಬೇಕೆಂದು, ಸಾಣಿಗೆಗೆ ಸಿಗದ ಸಾಲುಗಳನ್ನಷ್ಟೇ ತೋರಿಸಲು ಕಂಪ್ಯೂಟರಿಗೆ ಹೇಳಿದ. ನಾನು ಅವನ ಹಿಂದೆ ನಿಂತಿದ್ದೆ. ಒಂದೇ ಒಂದು ಸಾಲು ಬಂತು. ಅದರಲ್ಲಿದ್ದದ್ದು ನನ್ನ ಹೆಸರು. ಅದರ ಮುಂದೆ 'ಮಾವ' ಎಂದು ಬರೆದು, ಅವನ ಹೆಸರು.

ಇಷ್ಟು ವರ್ಷ ನಾನೇ ಪಟ್ಟಿಯಲ್ಲಿರಲಿಲ್ಲ! ನಗಲು ಹೋದೆ, ಆಗಲಿಲ್ಲ.

"ಅದೊಂದನ್ನ ಕೈಲೆ ಬರದು ಹಾಕು ಮಾವಾ. ಒಬ್ಬಾಕಿ ಸಲುವಾಗಿ ಸಾಣಿಗಿ ಬದಲಿ ಮಾಡ್ತಾರೇನು?"

"ಹೆಚ್ಚಿಗಿ ಕೆಲಸಿಲ್ಲ ತಗೋ. ಇನ್ನೊಂದು ಗೆರಿ ಅಷ್ಟ," ಎಂದು ಅವನು ತಿರುಗಿ ನೋಡದೆ ಟೈಪ್ ಮಾಡಿದ.

ನನಗೆ ಅಳು ಬಂತು. ಇಡೀ ಶಾಲೆಯ ದಾಖಲೆಯಲ್ಲಿ 'ಮಾವ' ಎಂಬ ಪದ ಇರುವುದು ಒಂದೇ ಸಾಲಿನಲ್ಲಿ. ಆದರೂ ಅವನ ಸಾಣಿಗೆ ಇವತ್ತಿಗೂ ಪ್ರತಿಯೊಂದು ಮಗುವಿಗೂ ತಂದೆಯನ್ನು ಹುಡುಕುತ್ತದೆ, ತಂದೆ ಸಿಗದಿದ್ದರೆ ತಾಯಿಯನ್ನು, ತಾಯಿಯೂ ಸಿಗದಿದ್ದರೆ ಮಾವನನ್ನು.