ಬೆಟ್ಟ ಹತ್ತಿದ ಮಣೆ

ಕಷ್ಟ ಕೊಡುವ ನೆಂಟರಿಂದ ಹೇಗಾದರೂ ತಪ್ಪಿಸಿಕೊಳ್ಳಬಹುದು. ಉಪಚಾರ ಮಾಡುವ ನೆಂಟರಿಂದ ಸಾಧ್ಯವಿಲ್ಲ. ಮದುವೆಯಾದ ಮೇಲೆ ಎಷ್ಟೋ ಬೇಸಿಗೆಗಳನ್ನು ನಾನು ಹೆಂಡತಿಯ ತವರಿನಲ್ಲಿ ಒಂದು ಹಲಸಿನ ಮಣೆಯ ಮೇಲೆ ಕೂತೇ ಕಳೆದಿದ್ದೇನೆ. ಹೆಗ್ಗಡದೇವನಕೋಟೆಯಿಂದ ಆಚೆ, ಕಪಿಲೆಯ ದಂಡೆಯ ಊರು ಅದು. ಅಲ್ಲಿ ಅಳಿಯ ಎಂದರೆ ಕೆಲಸ ಮುಟ್ಟಬಾರದ ಪ್ರಾಣಿ. ನೀರು ಸೇದಲು ಹಗ್ಗ ಹಿಡಿದರೆ ಭಾಮೈದ ಓಡಿಬಂದು ಕಿತ್ತುಕೊಳ್ಳುತ್ತಾನೆ. ಉರುಳಿದ ಚೊಂಬನ್ನು ಎತ್ತಿಡಲು ಬಗ್ಗಿದರೆ ಮಾವ ಕೆಮ್ಮುತ್ತಾರೆ. ಪ್ರತಿ ಸಲವೂ ನಾನು ಮೈಯಲ್ಲಿ ಒಂದು ಸುತ್ತು ಹೆಚ್ಚಿ, ಮರ್ಯಾದೆಯಲ್ಲಿ ಎರಡು ಸುತ್ತು ಇಳಿದು ಹುಣಸೂರಿಗೆ ವಾಪಸಾಗುತ್ತಿದ್ದೆ. ಅವರು ಕೊಡುವ ಮರ್ಯಾದೆಯಲ್ಲ, ನನಗೆ ನಾನೇ ಕೊಟ್ಟುಕೊಳ್ಳುವುದು.

ಹುಣಸೂರಿನ ಒಂದು ಮರದ ಡಿಪೋದಲ್ಲಿ ನಾನು ಗುಮಾಸ್ತ. ನಾನು ಕಂಡ ಕಾಡೆಲ್ಲ ಮಲಗಿರುವ ಕಾಡು. ಹೀಗಿರುವಾಗ ಒಂದು ದಿನ ವಾಚನಾಲಯದಲ್ಲಿ ಯಾವುದೋ ಸಚಿತ್ರ ಇಂಗ್ಲಿಷ್ ಪತ್ರಿಕೆ ಕೈಗೆ ಸಿಕ್ಕಿತು. ಅದರಲ್ಲಿ ಚಡ್ಡಿ ತೊಟ್ಟ ದೊಡ್ಡ ದೊಡ್ಡ ಗಂಡಸರು ಬೆನ್ನಿಗೆ ಗಂಟು ಹೊತ್ತು ಬೆಟ್ಟ ಹತ್ತುತ್ತಿದ್ದರು, ತಾವೇ ದೋಣಿ ನಡೆಸುತ್ತಿದ್ದರು, ಗುಡಾರದ ಮುಂದೆ ತಾವೇ ಬೇಯಿಸಿ ತಿನ್ನುತ್ತಿದ್ದರು. ಎಲ್ಲರ ಮುಖದಲ್ಲೂ ನಗು. ಅವರ ಮಾವಂದಿರು ಯಾರೂ ಚಿತ್ರದಲ್ಲಿರಲಿಲ್ಲ ಎಂಬುದನ್ನು ನಾನು ಗಮನಿಸಿದೆ.

ಆ ಬೇಸಿಗೆ ಮಾವನ ಮನೆಯಲ್ಲಿ ಮಣೆಯ ಮೇಲಿಂದಲೇ ಘೋಷಿಸಿದೆ: ಹೊಳೆ ದಾಟಿ ಎದುರಿನ ಬೆಟ್ಟ ಹತ್ತಿ, ಒಂದು ರಾತ್ರಿ ಅಲ್ಲೇ ತಂಗಿ ಬರುತ್ತೇನೆ. ಮಾವ ತಾಂಬೂಲ ಅಗಿಯುವುದನ್ನು ನಿಲ್ಲಿಸಿದರು.

"ಬೆಟ್ದಲ್ಲಿ ಏನೈತೆ ಅಳಿಯಂದ್ರೇ? ದನ ಏನಾರ ತಪ್ಪಿಸ್ಕಂಡದಾ?"

"ಇಲ್ಲ ಮಾವ, ಸುಮ್ಮನೆ."

"ಸುಮ್ಕೆ ಯಾರಾರ ಬೆಟ್ಟ ಅತ್ತಾರಾ?" ಎಂದು ಅವರು ಮಗ ಮಾದಪ್ಪನ ಮುಖ ನೋಡಿದರು. ಮಾದಪ್ಪ ನನ್ನ ಭಾಮೈದ; ಮೀಸೆ ಬಲಿತ ಆಳು, ಗಾಡಿಯ ಮೂಕಿಯನ್ನು ಒಂದೇ ಕೈಯಲ್ಲಿ ಎತ್ತುವವನು. "ಓಗ್ಲಿ ಬುಡಪ್ಪ, ಭಾವ್ನೋರಿಗೆ ಆಸೆ. ನಾವೂ ಓಗವ," ಎಂದ. ಅಲ್ಲಿಗೆ ನನ್ನ ಸಾಹಸ ಅವರ ಉಪಚಾರವಾಗಿ ಮಾರ್ಪಟ್ಟಿತು.

ಅತ್ತೆ ನನ್ನೊಡನೆ ನೇರವಾಗಿ ಮಾತಾಡುವುದಿಲ್ಲ. ಬಾಗಿಲ ಮರೆಯಲ್ಲಿ ನಿಂತು ಮಗಳಿಗೆ, ಎಂದರೆ ನನ್ನ ಹೆಂಡತಿಗೆ, ಹೇಳುತ್ತಾರೆ. "ಗೌರೂ, ಬಿಸ್ಲಿಗೆ ಬಂಡೆ ಕಾದಿರ್ತದೆ ಕಣೆ. ಅಳಿಯಂದ್ರು ಎಲ್ ಕುಂತ್ಕತಾರೆ? ಮಣೆ ಕಟ್ಟಿ ಕಳ್ಸು." ಮಣೆಯ ಹಿಂದೆ ಹಾಸಿಗೆ, ದಿಂಬು, ಬೆಳ್ಳಿಲೋಟ, ಬೀಸಣಿಗೆ ಎಲ್ಲವೂ ಹೊರಟವು. ನನ್ನ ಕೈಗೆ ಏನೂ ಬರಲಿಲ್ಲ. ನಾನು ಗೌರಳನ್ನು ಹಿತ್ತಲಿಗೆ ಕರೆದು ಹೇಳಿದೆ: "ನೋಡು, ಈ ಸಲ ಒಂದು ಕೆಲಸವನ್ನಾದರೂ ನನ್ನ ಕೈಯಾರೆ ಮಾಡಿಯೇ ಬರುತ್ತೇನೆ. ಇಲ್ಲದಿದ್ದರೆ ಜನ್ಮವಿಡೀ ಆ ಮಣೆ ಬಿಟ್ಟು ಏಳುವುದಿಲ್ಲ."

"ನಮ್ಮಪ್ಪ ಬುಟ್ರೆ ತಾನೆ?" ಎಂದು ಅವಳು ಸೆರಗಿನಲ್ಲಿ ನಕ್ಕಳು.

ಇಲ್ಲಿಂದ ಮುಂದೆ ಓದುಗರು ನನ್ನನ್ನು ಪೂರ್ತಿ ನಂಬಬೇಕಾಗಿಲ್ಲ. ಈ ಕಥೆಯನ್ನು ಡಿಪೋದಲ್ಲಿ ಎಷ್ಟು ಸಲ ಹೇಳಿದ್ದೇನೆಂದರೆ ಪ್ರತಿ ಸಲವೂ ಹೊಳೆ ಒಂದಿಷ್ಟು ಅಗಲವಾಗಿದೆ. ಬರೆಯುವಾಗ ಅದನ್ನು ಮತ್ತೆ ಕಿರಿದು ಮಾಡಿದ್ದೇನೆ. ವೈನಾಡಿನ ಕಡೆ ಮಳೆ ಬಿದ್ದು ನೀರು ಕೆಂಪಾಗಿ ಏರಿತ್ತು ಎಂಬುದು ಮಾತ್ರ ನಿಜ, ಮಾವನೂ ಒಪ್ಪುತ್ತಾರೆ.

ಹರಿಗೋಲಿನಲ್ಲಿ ನನ್ನನ್ನು ನಡುವೆ ಮಣೆಯ ಮೇಲೆ ಕೂರಿಸಿದರು. ಒಂದು ಪಕ್ಕ ಮಾವ, ಇನ್ನೊಂದು ಪಕ್ಕ ಹಾಸಿಗೆ. ಮಾದಪ್ಪ ಹುಟ್ಟು ಹಾಕುತ್ತಿದ್ದ. ಪತ್ರಿಕೆಯ ಚಡ್ಡಿ ಗಂಡಸರು ಕಣ್ಣ ಮುಂದೆ ಬಂದರು. ಮುಕ್ಕಾಲು ಹೊಳೆ ಬಂದಾಗ ತಡೆಯಲಾಗಲಿಲ್ಲ.

"ಹುಟ್ಟು ಇಲ್ಲಿ ಕೊಡು ಮಾದಪ್ಪ."

"ಎಲ್ಲಾರ ಉಂಟಾ ಭಾವ? ನೀವು ಕುಂತ್ಕಳಿ."

"ಸ್ವಲ್ಪ ಹೊತ್ತು ಕೊಡಯ್ಯ."

"ದಡದಲ್ಲಿ ನಿಂತೋರು ಕಂಡ್ರೆ ಏನಂದಾರು? ಅಳಿಯನ ಕೈಲಿ ದುಡಿಸ್ಕತಾರೆ ಅನ್ನಕಿಲ್ವಾ?"

ನಾನು ಹುಟ್ಟಿನ ಒಂದು ತುದಿ ಹಿಡಿದೆ, ಅವನು ಇನ್ನೊಂದು ತುದಿ ಬಿಡಲಿಲ್ಲ. ನಾನು ವಿನಯದಿಂದ ಎಳೆದೆ, ಅವನು ಗೌರವದಿಂದ ಎಳೆದ. ಕೊನೆಗೆ ಇಬ್ಬರಿಗೂ ಒಂದೇ ಕ್ಷಣದಲ್ಲಿ ನಾಚಿಕೆಯಾಗಿ, "ಹೋಗಲಿ, ನೀನೇ ಹಾಕು," "ಇಲ್ಲ, ನೀವೇ ಆಕಿ ಭಾವ" ಎಂದು ಇಬ್ಬರೂ ಕೈಬಿಟ್ಟೆವು. ಹುಟ್ಟು ಯಾರ ಉಪಚಾರಕ್ಕೂ ಕಾಯದೆ ಕೆಳಗಡೆಗೆ ತೇಲಿಹೋಯಿತು.

ಹರಿಗೋಲು ಗಿರ್ರನೆ ತಿರುಗತೊಡಗಿತು. ಬೆಟ್ಟ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಸ್ವಲ್ಪ ಕೆಳಗೆ ಎರಡು ಬಂಡೆಗಳ ಸಂದಿಯಲ್ಲಿ ನೀರು ಮೊರೆಯುತ್ತಿತ್ತು. ನಾವು ಅತ್ತಲೇ ಸಾಗಿದ್ದೆವು. ಹೊಳೆ ದಂಡೆಯಲ್ಲೇ ಹುಟ್ಟಿ ಬೆಳೆದ ಮಾವನಿಗೆ ಈಜು ಬಾರದೆಂದು ನನಗೆ ಗೊತ್ತಾದದ್ದು ಆಗಲೇ. ಅವರು ದಿಂಬನ್ನು ಎದೆಗೆ ಅವಚಿಕೊಂಡು, ನನ್ನ ಕಿವಿಗೆ ಇಂದಿಗೂ ಇಂಪಾಗಿರುವ ಮಾತೊಂದನ್ನು ಕೂಗಿದರು:

"ಅಳಿಯಂದ್ರೇ, ಕುಂತೇ ಇದ್ದೀರಲ್ರೀ! ಏನಾರ ಮಾಡ್ರೀ!"

ನಾನು ಎದ್ದೆ. ಮಣೆಯನ್ನು ಮಗುಚಿದೆ. ಅಡಿಯ ಎರಡು ಪಟ್ಟಿಗಳು ಹಿಡಿಯಲೆಂದೇ ಮಾಡಿಸಿದ ಹಾಗೆ ಕೈಗೆ ಒಪ್ಪಿದವು. ಅಂಚಿನ ಮೇಲೆ ಬಾಗಿ ನೀರನ್ನು ನನ್ನ ಕಡೆಗೆ ತೋಡಿದೆ. ಹರಿಗೋಲು ಇನ್ನೂ ಜೋರಾಗಿ ತಿರುಗಿತು. "ಆ ಕಡೀಕೂ ತೋಡಿ ಭಾವ, ಈ ಕಡೀಕೂ ತೋಡಿ!" ಎಂದು ಮಾದಪ್ಪ ಕೂಗಿದ, ತಾನು ನನ್ನ ಸೊಂಟ ಹಿಡಿದ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೋಡಿದೆ. ತಿರುಗುವುದು ನಿಧಾನವಾಯಿತು. ಬೆಟ್ಟ ಒಂದೇ ಕಡೆ ನಿಂತಿತು. ಆಮೇಲೆ ಹತ್ತಿರ ಬಂತು. ಆ ಎರಡು ಬಂಡೆಗಳಲ್ಲಿ ಒಂದಕ್ಕೆ ಮಣೆಯ ಮೂಲೆ ಬಡಿದು, ಅಡಿಪಟ್ಟಿಯ ತುದಿಯೂ ಸೇರಿ ಚಕ್ಕೆ ಹಾರಿತು, ಅದೇ ಪೆಟ್ಟಿಗೆ ಹರಿಗೋಲು ದಡಕ್ಕೆ ನುಗ್ಗಿತು. ನಾನು ಆಗ ನಿಂತಿದ್ದೆ ಎಂದು ನನ್ನ ನೆನಪು. ಮಂಡಿಯೂರಿದ್ದೆ ಎಂದು ಮಾದಪ್ಪ. ಮಾವ ಕಣ್ಣು ಮುಚ್ಚಿದ್ದರಿಂದ ಅವರ ಸಾಕ್ಷಿ ಇಲ್ಲ. ಏನಾದರಾಗಲಿ, ದಡ ಮುಟ್ಟಿದ್ದು ನನ್ನ ಕೈಯಿಂದ.

ಅಂದು ನಾನು ಬೆಟ್ಟ ಹತ್ತಿದ್ದನ್ನು ನೀವು ನೋಡಬೇಕಿತ್ತು! ಒದ್ದೆ ಹಾಸಿಗೆ ನನ್ನ ತಲೆಯ ಮೇಲೆ. ಯಾರೂ ಕಿತ್ತುಕೊಳ್ಳಲಿಲ್ಲ. ಕತ್ತಿನ ನರ ಉಳುಕಿತು, ಕಾರೆಮುಳ್ಳಿಗೆ ಪಂಚೆ ಹರಿಯಿತು, ಇಷ್ಟು ಸುಖ ನನಗೆ ಯಾವ ದೀಪಾವಳಿಯಲ್ಲೂ ಆಗಿರಲಿಲ್ಲ. ಮೇಲೆ ಸೌದೆ ಆಯ್ದೆ, ಒಲೆ ಹೂಡಿದೆ, ಮುದ್ದೆ ತೊಳಸಿದೆ. ಮುದ್ದೆಯಲ್ಲಿ ಗಂಟುಗಳಿದ್ದವು, ಮಾವ ಅವುಗಳನ್ನು ಒಂದೂ ಬಿಡದೆ ನುಂಗಿದರು. ಹೊಗೆಯ ಪಕ್ಕದಲ್ಲಿ ಮಣೆಯನ್ನು ಒಣಗಿಸಿ ಮಾದಪ್ಪ ನನ್ನ ಮುಂದಿಟ್ಟ. ನಾನು ಬಂಡೆಯ ಮೇಲೇ ಕೂತೆ. ಮಾವ ಅತ್ತಿತ್ತ ನೋಡಿ ಮೆಲ್ಲಗೆ ಮಣೆಗೆ ಜರುಗಿ, "ಅಬ್ಬಾ, ಇದ್ರ ಮ್ಯಾಲೆ ಕುಂತ್ರೆ ಎಷ್ಟ್ ಸುಕ!" ಎಂದರು. ಕೆಳಗೆ ಹೊಳೆ ಕೆಂಪು ದಾರದ ಹಾಗೆ ಕಾಣುತ್ತಿತ್ತು. ಅಷ್ಟು ತೆಳ್ಳಗೆ ಕಂಡದ್ದಕ್ಕೆ ನನಗೆ ಸ್ವಲ್ಪ ಬೇಸರವಾಯಿತು.

ಗೆದ್ದೆ, ಸರಿ. ಮುಂದಿನ ಸಲ ಮಾವನ ಮನೆಗೆ ಹೋದಾಗ ಜಗಲಿಯಲ್ಲಿ ಮಣೆ ಇತ್ತು, ಆದರೆ ಅದರ ಮೇಲೆ ಕೃಷ್ಣರಾಜನಗರದಿಂದ ಬಂದ ನನ್ನ ಹೊಸ ಷಡ್ಡಕ ಕೂತಿದ್ದ. ನಾದಿನಿಯ ಗಂಡ, ಮಲ್ಲಿಗೆ ಹೂವಿನಂಥ ಪಂಚೆ. "ಈ ಮೂಲೆ ಏಕೆ ಹೀಗಾಗಿದೆ, ಭಾವ?" ಎಂದು ಕೇಳಿದ. ನಾನು ಖುಷಿಯಿಂದ ಹೇಳತೊಡಗಿದೆ. ಹೊಳೆ ತನ್ನಷ್ಟಕ್ಕೆ ಅಗಲವಾಯಿತು. ಬಂಡೆಯ ಮೇಲೆ ಒಂದು ಮೊಸಳೆ ಬಂದು ಮಲಗಿತು.

"ಮೊಸಳೆ ಯಾವಾಗ ಬಂತು?" ಎಂದು ಗೌರ ಒಳಗಿನಿಂದ ಕೇಳಿದಳು.

ನಾನು ಉತ್ತರ ಹೊಂದಿಸುವಷ್ಟರಲ್ಲಿ ಅಂಗಳದಿಂದ ಮಾವನ ದನಿ ಬಂತು. "ಅಳಿಯಂದ್ರೇ, ಕತೆ ಆಮ್ಯಾಕಾಯ್ತದೆ. ಗೊಬ್ಬರದ ಗಾಡಿ ಊತ್ಕಂಡದೆ, ಒಸಿ ಕೈ ಕೊಡಿ ಬನ್ರೀ."

ಷಡ್ಡಕ ಗಾಬರಿಯಿಂದ ಅರ್ಧ ಎದ್ದ. "ನೀವಲ್ಲ, ನೀವು ಕುಂತ್ಕಳಿ!" ಎಂದು ಮಾವ ಗದರಿದರು. ನಾನು ಪಂಚೆ ಎತ್ತಿ ಕಟ್ಟಿ ಚಕ್ರಕ್ಕೆ ಭುಜ ಕೊಟ್ಟೆ. ಮೊಣಕಾಲುದ್ದದ ಗೊಬ್ಬರದಲ್ಲಿ ನಿಂತು, ಬೆವರು ಒರೆಸುವ ನೆಪದಲ್ಲಿ ಒಮ್ಮೆ ಜಗಲಿಯ ಕಡೆ ತಿರುಗಿ ನೋಡಿದೆ. ಚಕ್ಕೆ ಹಾರಿದ ಮೂಲೆಯಿಂದಾಗಿ ಆ ಮಣೆಯ ಮೇಲೆ ಕೂತವರು ಈಗ ಒಂದು ಕಡೆಗೆ ವಾಲುತ್ತಾರೆ. ಷಡ್ಡಕನೂ ವಾಲಿ ಕೂತಿದ್ದ. ಗಾಡಿ ನೂಕಲು ನನಗೆ ಅದನ್ನು ಕಂಡ ಬಲವೇ ಸಾಕಾಯಿತು.